ಕೈ ಬಿಟ್ಟರೆ ನಿಲ್ಲುವ ಜೀಪು

ನಮ್ಮ ಅತ್ತೆಗೆ ಅರವತ್ತಮೂರನೆಯ ವಯಸ್ಸಿನಲ್ಲಿ ಆಟಿಕೆ ಜೀಪಿನ ಹುಚ್ಚು ಹಿಡಿಯಿತು ಎಂದು ಇದುವರೆಗೆ ಹತ್ತಾರು ಜನರಿಗೆ ಹೇಳಿ ನಗಿಸಿದ್ದೇನೆ. ಈಗ ಬರೆಯಲು ಕೂತರೆ ಆ ವಾಕ್ಯದ ಒಂದೊಂದು ಪದದ ಮೇಲೂ ಅನುಮಾನ. ಅರವತ್ತಮೂರೋ ಅರವತ್ತೈದೋ ಸರಿಯಾಗಿ ತಿಳಿಯದು. ಅದನ್ನು ಆಟಿಕೆ ಎಂದರೆ ಅತ್ತೆ ಎರಡು ದಿನ ಮಾತು ಬಿಡುತ್ತಿದ್ದರು. ಇನ್ನು ಹುಚ್ಚು ಹಿಡಿದದ್ದು ಯಾರಿಗೆ ಎಂಬುದಂತೂ ತೀರಾ ಗೊಂದಲದ ವಿಷಯ. ಭೌತಶಾಸ್ತ್ರ ಓದಿದವರಿಗೆ ಅಳೆದು ನೋಡದ್ದನ್ನು ನಂಬಲಾಗದ ಒಂದು ಕಾಯಿಲೆ ಇರುತ್ತದೆ. ನನ್ನದು ವಾಸಿಯಾಗುವ ಹಂತ ದಾಟಿದೆ. ಹಾಗಾಗಿ ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಹೇಳಿ ಹೇಳಿ ನಡೆಸಿದ್ದು ಎಂದು ಆಣೆ ಮಾಡಲಾರೆ.

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮೂರು ಜಾವಳಿಯಲ್ಲಿ ನಮ್ಮ ತೋಟಕ್ಕೆ ಅಂಟಿಕೊಂಡಂತೆ ಅವರದೊಂದು ಸಣ್ಣ ತೋಟ, ಮಾವ ಬಿಟ್ಟುಹೋದ ಒಂದು ಹಳೆಯ ಜೀಪು. ಮಾವ ತೀರಿಕೊಂಡ ಮೇಲೆ ಜೀಪು ಮಾರಿ ಎಂದು ಎಲ್ಲರೂ ಹೇಳಿದರು. ಅತ್ತೆ ಮಾರುವ ಬದಲು ಓಡಿಸಲು ಕಲಿತರು. ತೊಂಬತ್ತರ ದಶಕದ ಆರಂಭದಲ್ಲಿ ಜೀಪು ಓಡಿಸುವ ಹೆಂಗಸನ್ನು ನೋಡಲು ಕೆಲಸದವರು ಕಾಫಿ ಕುಯ್ಯುವುದನ್ನು ಬಿಟ್ಟು ರಸ್ತೆಗೆ ಬರುತ್ತಿದ್ದರು. ಬಂದವರಿಗೆ ನೋಡಲು ಸಮಯವೂ ಧಾರಾಳವಾಗಿ ಸಿಗುತ್ತಿತ್ತು. ಯಾಕೆಂದರೆ ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹೋಗುವುದನ್ನು ಅತ್ತೆ ಒಂದು ನೈತಿಕ ಅಧಃಪತನವೆಂದು ತಿಳಿದಿದ್ದರು. ಅವರು ಓವರ್‌ಟೇಕ್ ಮಾಡಿದ್ದನ್ನು ನಾನು ಕಂಡದ್ದು ಒಂದೇ ಸಲ, ಅದೂ ಪಂಕ್ಚರಾಗಿ ನಿಂತಿದ್ದ ಬಸ್ಸನ್ನು. ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ತೋಟದ ಮೇಸ್ತ್ರಿ ಏರಿನಲ್ಲಿ ಇಳಿದು, ಬೇಲಿಯ ಬಳ್ಳಿಯಿಂದ ವೀಳ್ಯದೆಲೆ ಕಿತ್ತುಕೊಂಡು, ಸುಣ್ಣ ಹಚ್ಚಿಕೊಳ್ಳುತ್ತಾ ಮತ್ತೆ ಬಂದು ಹತ್ತುತ್ತಿದ್ದ.

"ಅಮ್ಮಾ, ಒಂಚೂರು ಬೇಗ ಹೋಗಬೌದಿತ್ತೇನೋ" ಎಂದು ಅವನು ಒಮ್ಮೆ ಧೈರ್ಯ ಮಾಡಿದ್ದುಂಟು.

"ಬೇಗ ಹೋದೋರಲ್ಲಿ ಎಷ್ಟು ಜನ ವಾಪಸ್ ಬಂದಿದಾರೆ, ಹೇಳು ನೋಡೋಣ."

ಆದರೆ ದೇವರಮನೆ ಬೆಟ್ಟದ ಕಡೆಯ ಕಡಿದಾದ ದಾರಿಗಳಲ್ಲಿ, ಬೇರೆಯವರ ಜೀಪುಗಳು ಚಕ್ರ ತಿರುಗಿಸಿಕೊಂಡು ಕೆಸರು ಎರಚುತ್ತಾ ನಿಂತಲ್ಲೇ ನಿಂತಿರುವಾಗ, ಅತ್ತೆಯ ಜೀಪು ಪ್ರತಿ ಕಲ್ಲನ್ನೂ ಮಾತಾಡಿಸಿಕೊಂಡು ಮೇಲೆ ಹೋಗಿಬಿಡುತ್ತಿತ್ತು. ಇದನ್ನು ಅವರ ಬದುಕಿನ ದೊಡ್ಡ ಸಂತೋಷ ಎಂದರೆ ತಪ್ಪಾಗಲಾರದು. ಆ ಸಂತೋಷವನ್ನು ಕಿತ್ತುಕೊಂಡವನು ನಾನು.

ಎಸ್ಟೇಟ್ ದಾರಿಗಳಲ್ಲಿ ಎಲ್ಲೂ ಬರೆದಿಡದ ಒಂದು ಕಾನೂನಿದೆ. ಜೀಪಿನಲ್ಲಿ ಎಡಗಡೆ ಕೂತವರು ಇಳಿದು ಗೇಟು ತೆಗೆಯಬೇಕು. ಮಂತ್ರಿಯಾದರೂ ಸರಿ, ಮದುಮಗನಾದರೂ ಸರಿ. ಆಗಸ್ಟ್ ತಿಂಗಳ ಒಂದು ದಿನ ಎಡಗಡೆ ಕೂತಿದ್ದವನು ನಾನು. ಎಂ.ಎಸ್ಸಿ. ಓದುತ್ತಿದ್ದೆ, ರಜೆಗೆ ಬಂದಿದ್ದೆ, ತೊಡೆಯ ಮೇಲೆ ದಪ್ಪ ಪುಸ್ತಕವಿತ್ತು. ಹಿಂದೆ ಗೊಬ್ಬರದ ಮೂಟೆಗಳು. ಏರಿನ ನಡುವೆ ಗೇಟು ಬಂತು. ಅತ್ತೆ ಹಾರ್ನ್ ಮಾಡಿದರು. "ಒಂದೇ ಪುಟ ಅತ್ತೆ" ಎಂದೆ. ಅವರು ಅರ್ಧ ಪುಟದಷ್ಟು ಹೊತ್ತು ಕಾದು, ತಾವೇ ಇಳಿದು ಗೇಟಿನ ಹತ್ತಿರ ಹೋದರು. ಅವರು ಕೊಂಡಿ ತೆಗೆಯುವಷ್ಟರಲ್ಲಿ ಜೀಪು ಹಿಂದಕ್ಕೆ ಹೊರಟಿತು. ನಾನು ಹಾರಿಕೊಂಡೆ, ಓದುತ್ತಿದ್ದ ಪುಟಕ್ಕೆ ಬೆರಳಿಟ್ಟುಕೊಂಡೇ. ಜೀಪು ಹಿಮ್ಮುಖವಾಗಿ ಇಳಿದು, ಬದು ಒಡೆದು, ಹೊಸದಾಗಿ ನಾಟಿ ಮಾಡಿದ್ದ ಗದ್ದೆಯ ಕೆಸರಿನಲ್ಲಿ ಡ್ರೈವರ್ ಸೀಟಿನ ಕಡೆಗೆ ಮಗ್ಗುಲಾಗಿ ಮಲಗಿತು. ಗೊಬ್ಬರವೆಲ್ಲ ಅಲ್ಲೇ ಸುರಿದು, ಆ ವರ್ಷ ಆ ಮೂಲೆಯ ಪೈರು ಎದೆಮಟ್ಟ ಬೆಳೆದು ಅಡ್ಡಬಿದ್ದಿತ್ತು. ಇದನ್ನು ನಾನು ನೋಡಿದ್ದೋ ಯಾರೋ ಹೇಳಿದ್ದೋ, ಅದೂ ಗೊತ್ತಿಲ್ಲ.

ಸಂಜೆ ನಮ್ಮ ಜಗಲಿಯಲ್ಲಿ ಕೋರ್ಟು ಕೂತಿತು. ನ್ಯಾಯಾಧೀಶರು ಅಪ್ಪ.

"ಹ್ಯಾಂಡ್ ಬ್ರೇಕ್ ಎಳ್ದಿದ್ಯೇನಕ್ಕ?"

"ಎಳ್ದೇ ಇಳಿದಿದ್ದು."

"ಎಳ್ದಿದ್ರೆ ಜೀಪು ಗದ್ದೆ ನೋಡಕ್ಕೆ ಹೋಗ್ತಿತ್ತಾ?" ಅಪ್ಪ ನನ್ನ ಕಡೆ ತಿರುಗಿದರು. "ನೀ ಪಕ್ಕದಲ್ಲೇ ಇದ್ಯಲ್ಲ, ಹೇಳು."

ಅತ್ತೆಯೂ ನನ್ನನ್ನು ನೋಡಿದರು. ನಾನು ವಿಶ್ವವಿದ್ಯಾಲಯ ಕಲಿಸಿದ ಪ್ರಾಮಾಣಿಕತೆಯಿಂದ ಹೇಳಿದೆ: "ನಾನು ಗಮನಿಸಲಿಲ್ಲ. ಎಳೆದಿರಬಹುದು, ಎಳೆಯದೆಯೂ ಇರಬಹುದು."

ಪ್ರಯೋಗಾಲಯದಲ್ಲಿ ಇದಕ್ಕೆ ನೂರಕ್ಕೆ ನೂರು ಅಂಕ. ಆದರೆ ಜಗಲಿ ಪ್ರಯೋಗಾಲಯವಲ್ಲ. 'ಗೊತ್ತಿಲ್ಲ' ಎಂಬ ಮಾತು ಅಲ್ಲಿ ಹೊಸಿಲು ದಾಟುವುದರೊಳಗೆ 'ಎಳೆದಿರಲಿಲ್ಲ' ಆಗಿಬಿಡುತ್ತದೆ. ಕೀಲಿ ಅಪ್ಪನ ಜೇಬಿಗೆ ಹೋಯಿತು. ಕೆಸರು ಮೆತ್ತಿದ ಜೀಪು ಹಾಗೆಯೇ ಶೆಡ್ಡಿನಲ್ಲಿದ್ದು, ತಿಂಗಳೊಳಗೆ ಲಾರಿ ಹತ್ತಿ ಕಳಸದ ಒಂದು ಗ್ಯಾರೇಜಿಗೆ ಮಾರಾಟವಾಯಿತು. ಅತ್ತೆ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಅವರಿವರ ಜೀಪುಗಳಲ್ಲಿ ಎಡಗಡೆ ಕೂತು ಓಡಾಡಿದರು. ಗೇಟು ಬಂದಾಗಲೆಲ್ಲ, ಮಂಡಿನೋವಿದ್ದರೂ, ಇಳಿದು ತೆಗೆಯುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನು ಸುಲಭವಾಗಿ ಮರೆಯುತ್ತಿದ್ದೆ.

ಹತ್ತು ಹನ್ನೆರಡು ವರ್ಷ ಕಳೆಯಿತು. ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡತೊಡಗಿದ್ದೆ. ಪ್ರವಾಸಿಗರು ಹೋಮ್‌ಸ್ಟೇಗಳಲ್ಲಿ ಬಂದು ತಂಗಿ ದೇವರಮನೆಯನ್ನು ಕಂಡುಹಿಡಿಯತೊಡಗಿದ್ದ ಕಾಲ. ಹಾಗೆ ಬಂದ ಇಬ್ಬರು ಹುಡುಗರು ಅಲ್ಲಿನ ಬಂಡೆಗಳ ಮೇಲೆ ಒಂದೂವರೆ ಅಡಿಯ ಜೀಪೊಂದನ್ನು ರಿಮೋಟಿನಲ್ಲಿ ಹತ್ತಿಸುತ್ತಿದ್ದರಂತೆ. ಬಂಡೆ ಹತ್ತುವುದಕ್ಕೆಂದೇ ಮಾಡಿದ, ದಪ್ಪ ಚಕ್ರದ ಗಾಡಿ. ಅತ್ತೆ ನೆಂಟರೊಡನೆ ಅಲ್ಲಿನ ಗುಡಿಗೆ ಪೂಜೆಗೆ ಹೋದವರು ದೇವರನ್ನು ಮರೆತು ಮೂರು ಗಂಟೆ ನಿಂತು ಸಲಹೆ ಕೊಟ್ಟರು. ನೀರಿಗೆ ಮಾತ್ರ ಇಳಿಸಬೇಡಿ ಎಂದದ್ದನ್ನು ಆ ಹುಡುಗರು ಕೇಳಲಿಲ್ಲ. ಹಳ್ಳದ ನೀರು ಕುಡಿದು ಸ್ಪೀಡ್ ಕಂಟ್ರೋಲರ್ ಸತ್ತಿತು, ಮೋಟರ್ ಸುಟ್ಟಿತು. ಹೆಣವನ್ನು ರಿಮೋಟಿನ ಸಮೇತ ಅತ್ತೆಗೆ ಕೊಟ್ಟು ಹೋದರು.

ಮರುದಿನವೇ ನನಗೆ ಫೋನು. "ಒಂದು ಮೋಟರು, ಒಂದು ಕಂಟ್ರೋಲರು ಬೇಕು. ನೀನು ಓದಿದವನಲ್ವಾ, ಆರಿಸಿ ತಂದ್ಕೊಡು."

"ಎಷ್ಟು ಸ್ಪೀಡ್ ಬೇಕು ಅತ್ತೆ?"

"ಸ್ಪೀಡ್ ಬ್ಯಾಡ ಮಾರಾಯ. ನಿಧಾನ ಎಷ್ಟು ಸಿಗ್ತದೆ ಕೇಳು. ಮತ್ತೆ ಏರಲ್ಲಿ ಕೈ ಬಿಟ್ರೆ ನಿಂತ್ಕೋಬೇಕು. ಅಷ್ಟೇ."

ಇಂಥ ಮೋಟರುಗಳನ್ನು ಒಳಗಿನ ತಂತಿಯ ಸುತ್ತುಗಳಿಂದ ಗುರುತಿಸುತ್ತಾರೆ. ಸುತ್ತು ಕಡಿಮೆಯಾದಷ್ಟೂ ವೇಗ. ಸುತ್ತು ಹೆಚ್ಚಿದಷ್ಟೂ ನಿಧಾನ, ಆದರೆ ಎಳೆಯುವ ತಾಕತ್ತು ಚೆನ್ನ. ಇದನ್ನು ನಾನು ತರಗತಿಯಲ್ಲಿ ವರ್ಷಕ್ಕೆರಡು ಸಲ ಕಲಿಸುತ್ತಿದ್ದೆ. ಆದರೂ ಬೆಂಗಳೂರಿನ ಅಂಗಡಿಯಲ್ಲಿ ನಿಂತಾಗ ಹದಿನೈದು ಸುತ್ತಿನ ರೇಸಿಂಗ್ ಮೋಟರನ್ನೇ ತೆಗೆದುಕೊಂಡೆ. ಕಂಟ್ರೋಲರ್ ಎಂದರೆ ಮೋಟರಿಗೆ ಎಷ್ಟು ಕರೆಂಟು ಬಿಡಬೇಕೆಂದು ನಿರ್ಧರಿಸುವ, ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಅದರಲ್ಲೂ ದೊಡ್ಡ ಅಂಕಿ ಬರೆದಿದ್ದನ್ನೇ ಆರಿಸಿದೆ. ಅತ್ತೆ ಕೇಳಿದ್ದಕ್ಕಿಂತ ಒಳ್ಳೆಯದನ್ನು ಕೊಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಅವರು ಕೇಳಿದ್ದು ಎರಡೇ ಗುಣ. ಆ ಎರಡೂ ಇಲ್ಲದ್ದನ್ನು ಹುಡುಕಿ ತರಲು ಸ್ನಾತಕೋತ್ತರ ಪದವಿಯೇ ಬೇಕೇನೋ!

ಕಣದಲ್ಲಿ ಪರೀಕ್ಷೆ. ಅತ್ತೆ ರಿಮೋಟಿನಲ್ಲಿದ್ದ, ಬಂದೂಕಿನದರಂಥ ಕುದುರೆಯನ್ನು ಕೂದಲೆಳೆಯಷ್ಟು ಒತ್ತಿದರು. ಜೀಪು ಒಣಹಾಕಿದ್ದ ಮೆಣಸಿನ ನಡುವೆ ನುಗ್ಗಿ, ಕಾಳುಗಳನ್ನು ಅಂಗಳಕ್ಕೆಲ್ಲ ಹಾರಿಸಿ, ಕೋಳಿಗೂಡಿಗೆ ಬಡಿಯಿತು. ಕೋಳಿಗಳು ಎರಡು ದಿನ ಮೊಟ್ಟೆ ಇಡಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಇದಕ್ಕೆ ಸಾಕ್ಷಿ ಅವರೊಬ್ಬರೇ.

"ಎಂತದಾ ಇದು? ಬಾಲಕ್ಕೆ ಪಟಾಕಿ ಕಟ್ಟಿದಂಗೆ ಹೋಗ್ತದಲ್ಲ."

ಆಮೇಲೆ ಮನೆ ಹಿಂದಿನ ಬಂಡೆಗೆ ಒಯ್ದೆವು. ಜೀಪು ಹಾರಿ ಹಾರಿ ಅರ್ಧ ಹತ್ತಿತು. ಅತ್ತೆ ಕೈ ಬಿಟ್ಟರು. ಅದು ಹಿಮ್ಮುಖವಾಗಿ ಜಾರಿ ಬಂದು ಅವರ ಕಾಲ ಹತ್ತಿರ ಮಗ್ಗುಲಾಯಿತು. ನಾನು ರೇಸ್ ಕಾರುಗಳ ಕಂಟ್ರೋಲರ್ ಕೈ ಬಿಟ್ಟಾಗ ಚಕ್ರವನ್ನು ಯಾಕೆ ಸಡಿಲ ಬಿಡುತ್ತದೆ ಎಂದು ವಿವರಿಸತೊಡಗಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಇದಕ್ಕೂ ನಾನು ಬ್ರೇಕ್ ಹಾಕಿಲ್ಲ ಅಂತ ಹೇಳ್ಬಿಡು" ಎಂದು ಒಳಗೆ ಹೋದರು.

ಅನಂತರ ಅವರು ನನ್ನನ್ನು ನೆಚ್ಚಿಕೊಳ್ಳಲಿಲ್ಲ. ಹಾಳಾದ ಟೇಪ್ ರೆಕಾರ್ಡರಿನ ಮೋಟರ್ ಹಾಕಿ ನೋಡಿದರು. ಲಾರಿಯ ವೈಪರ್ ಮೋಟರ್ ಹಾಕಿದರು. ಅದು ಜೀಪಿಗಿಂತ ಭಾರವಾಗಿ ಜೀಪೇ ಅದಕ್ಕೆ ಸವಾರಿಯಾಯಿತು. ಅವರ ಅಳತೆಗೋಲು ಒಂದೇ. ಬಂಡೆಯ ಬುಡದಲ್ಲಿ ಬಿಸಿ ಕಾಫಿ ಹಿಡಿದು ಕೂರುವುದು. ಲೋಟ ಖಾಲಿಯಾಗುವ ಮೊದಲೇ ಜೀಪು ತುದಿ ಮುಟ್ಟಿದರೆ ಮೋಟರ್ ರಿಜೆಕ್ಟ್. ಊರವರು ನಗುತ್ತಿದ್ದರು. ನಾನೂ ಸ್ಟಾಫ್‌ರೂಮಿನಲ್ಲಿ ಇದನ್ನು ಅಭಿನಯಿಸಿ ತೋರಿಸಿ ನಗಿಸುತ್ತಿದ್ದೆ. ಆ ಬಂಡೆಯ ಇಳಿಜಾರು ಯಾವ ಗೇಟಿನ ಏರಿನಂತಿದೆ ಎಂದು ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ಹೊಳೆದ ಮೇಲೆ ನಾಲ್ಕು ಕಡೆ ವಿಚಾರಿಸಿ, ಐವತ್ತೈದು ಸುತ್ತಿನ ಮೋಟರನ್ನೂ, ಕೈ ಬಿಟ್ಟ ಕೂಡಲೇ ಮೋಟರನ್ನು ಬಿಗಿಹಿಡಿಯುವ ಕಂಟ್ರೋಲರನ್ನೂ ತರಿಸಿದೆ. ಅಂದು ಜೀಪು ಬಂಡೆಯ ಮೇಲೆ ಬಸವನಹುಳುವಿನಂತೆ ಹೋಯಿತು. ಅತ್ತೆ ಕಾಫಿಯ ಕೊನೆಯ ಗುಟುಕು ಕುಡಿದು, ನಡು ಏರಿನಲ್ಲಿ ಕೈ ಬಿಟ್ಟರು. ನಿಂತಿತು. ರಿಮೋಟನ್ನು ಹುಲ್ಲಿನ ಮೇಲಿಟ್ಟು, ಜೀಪಿಗೆ ಬೆನ್ನು ಹಾಕಿ, ಗೇಟು ತೆಗೆಯಲು ಹೋಗುವವರಂತೆ ಹತ್ತು ಹೆಜ್ಜೆ ನಡೆದರು. ತಿರುಗಿ ನೋಡದೆ ಕೇಳಿದರು:

"ಈ ಸಲ ನೋಡ್ತಿದೀಯಾ?"

"ನೋಡ್ತಿದೀನಿ ಅತ್ತೆ."

"ನಿಂತಿದ್ಯಾ?"

"ನಿಂತಿದೆ."

'ಅವತ್ತೂ ನೀವು ಎಳೆದಿದ್ದಿರಿ' ಎಂಬ ಒಂದು ಮಾತನ್ನು ಅವರು ಆ ಹುಲ್ಲಿನಲ್ಲಿ ಕಾಯುತ್ತಿದ್ದರು ಎಂದು ನನಗೆ ಗೊತ್ತಿತ್ತು. ಖಚಿತವಿಲ್ಲದ್ದನ್ನು ಹೇಳುವುದು ಹೇಗೆ? ಹೇಳಲಿಲ್ಲ. ಅವರು ವಾಪಸ್ ಬಂದು ಜೀಪನ್ನು ಸೆರಗಿನಲ್ಲಿ ಒರೆಸಿ ಎತ್ತಿಕೊಂಡರು. ಮುಂದಿನ ವರ್ಷ ಹೋಗಿಬಿಟ್ಟರು.

ಅತ್ತೆಯ ತಿಥಿ ಮುಗಿಸಿ ನಾನು ಬಸ್ಸು ಹತ್ತಿ ಕಳಸಕ್ಕೆ ಹೋದೆ. ಹದಿನೈದು ವರ್ಷ ಮೊದಲೇ ಹೋಗಬಹುದಿತ್ತು, ಒಂದೂವರೆ ಗಂಟೆಯ ದಾರಿ. ಜೀಪು ಕೊಂಡ ಗ್ಯಾರೇಜಿನವರು ಇನ್ನೂ ಇದ್ದರು, ಜೀಪೂ ಇತ್ತು.

"ನೆನಪಿಲ್ದೆ ಎಂತ? ಗೇರ್‌ಬಾಕ್ಸಿನ ಸೀಲ್ ಹೋಗಿ ಹ್ಯಾಂಡ್ ಬ್ರೇಕೆಲ್ಲ ಎಣ್ಣೆ ಕುಡಿದಿತ್ತು ಮಾರಾಯ್ರೆ. ಎಳೆದ್ರೂ ಹಿಡಿಯೂದಿಲ್ಲ. ಬ್ರೇಕಿನ ಹಿಡಿ ಒಳಗೇ ಹೋಗ್ತಿರ್ಲಿಲ್ಲ, ಸುತ್ತಿಗೇಲಿ ಹೊಡ್ದು ತಳ್ಳಬೇಕಾಯ್ತು."

"ಯಾಕೆ?"

"ಹೊರಗೆ ಎಳ್ದಿದ್ದ ಸರಳಿನ ಮೇಲೆ ಗದ್ದೆ ಕೆಸರು ಒಣಗಿ ಸಿಮೆಂಟಾಗಿತ್ತು."

ನಾನು ಅವರ ನೆನಪನ್ನೂ ನಂಬಲಿಲ್ಲ. ಮಂಡಿಯೂರಿ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿದೆ. ಆ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಎಂದರೆ ಅಲ್ಲಿಂದ ಹೊರಕ್ಕೆ ಎಳೆಯುವ, ಹಿಡಿಯಿರುವ ಒಂದು ಸರಳು. ಹಿಡಿಯ ತುದಿಯಲ್ಲಿ ಸುತ್ತಿಗೆಯ ಏಟುಗಳು ಇನ್ನೂ ಇದ್ದವು. ಹಿಡಿಯನ್ನು ಎಳೆದೆ, ಒಳಕ್ಕೆ ತಳ್ಳಿದೆ, ಮತ್ತೆ ಎಳೆದೆ. ಒಳಗಿದ್ದಾಗ ಸರಳು ಪೂರ್ತಿ ಮುಚ್ಚಿಹೋಗುತ್ತದೆ. ಅದಕ್ಕೆ ಕೆಸರು ಮೆತ್ತಲು ದಾರಿಯೇ ಇಲ್ಲ. ಜೀಪು ಗದ್ದೆಗೆ ಬೀಳುವಾಗ ಹಿಡಿ ಹೊರಗಿತ್ತು.

ಅತ್ತೆ ಹ್ಯಾಂಡ್ ಬ್ರೇಕ್ ಎಳೆದಿದ್ದರು.