ಮೂರು ಗಂಟೆಯ ಪ್ರಯಾಣ

ಗುಮಾಸ್ತ: ಹತ್ತಕ್ಕೆ ಹೊರಡುತ್ತೆ, ಒಂದಕ್ಕೆ ಇಳಿಯುತ್ತೆ. ಮೂರು ಗಂಟೆ. ಇದಕ್ಕೆಲ್ಲ ಪ್ರಯಾಣದ ರಜೆ ಎಲ್ಲಿಂದ ತರಲಮ್ಮಾ?

ರಜೆಯೆಂದರೆ ತನ್ನ ಅಪ್ಪನ ಮನೆಯ ಗಂಟು ಎಂದುಕೊಂಡಿದ್ದ ಗುಮಾಸ್ತ, ವಿಮಾನದ ಟಿಕೆಟ್ಟನ್ನು ಮೇಜಿನ ಮೇಲಿಟ್ಟು ಪೇಪರ್‌ವೇಟ್ ಹೇರಿದ. ಹದಿನೆಂಟು ವರ್ಷದಿಂದ ಆ ಮುದ್ರಣಾಲಯದಲ್ಲಿ ಪುಸ್ತಕಗಳ ಬೆನ್ನು ಹೊಲಿದು ತನ್ನ ಬೆನ್ನು ಬಗ್ಗಿಸಿಕೊಂಡಿದ್ದ ಬೈಂಡಿಂಗಿನಕ್ಕ ಎದುರು ನಿಂತಿದ್ದಳು. ಕುರ್ಚಿ ಇತ್ತು, ಕೂರಲು ಹೇಳುವ ಬಾಯಿ ಇರಲಿಲ್ಲ.

ಆಕೆಗೆ ಉಳಿದಿದ್ದು ನಾಲ್ಕೇ ದಿನದ ರಜೆ. ಪ್ರಯಾಣದ ಪ್ರತಿ ಪೂರ್ತಿ ಎಂಟು ಗಂಟೆಗೆ ಒಂದು ದಿನ ಹೆಚ್ಚು ಕೊಡಬೇಕೆಂದು ನಿಯಮವಿತ್ತು. ಹೋಗಲೊಂದು, ಬರಲೊಂದು ಸಿಕ್ಕದಿದ್ದರೆ, ವಿದೇಶದಲ್ಲಿ ಹೆರಿಗೆಯಾದ ತಂಗಿಯ ಪಕ್ಕ ಕಳೆಯಬೇಕಾದ ದಿನಗಳಲ್ಲಿ ಅರ್ಧ ಆಕಾಶದ ಪಾಲು.

ಅಕ್ಕ: ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ ಸಾರ್. ವಿಮಾನದಲ್ಲಿ ಕೂರೋದು ಹದಿಮೂರೂವರೆ ಗಂಟೆ.

ಗುಮಾಸ್ತ: ಅವರ ಗಡಿಯಾರ ಹಿಂದೆ ಬಿದ್ರೆ ನಾವು ರಜೆ ಕೊಡ್ಬೇಕಾ?

ಅಕ್ಕ: ನಮಗೆ ಕತ್ತಲಾದಾಗ ಅವರಿಗೆ ಬೆಳಕು.

ಗುಮಾಸ್ತ: ಒಳ್ಳೇದೇ ಆಯ್ತು. ಕಿಟಕಿ ಪಕ್ಕ ಕೂತ್ಕೊಳ್ಳಿ.

ಅಕ್ಕ: ಹನ್ನೊಂದು ಸಾವಿರ ಕಿಲೋಮೀಟರ್ ದಾರಿ. ಮೂರು ಗಂಟೇಲಿ ಮುಟ್ಟೋಕೆ ಅದೇನು ವಿಮಾನಾನಾ, ಫಿರಂಗಿ ಗುಂಡಾ?

ಗುಮಾಸ್ತ ಎದ್ದು ಗೋಡೆಯ ನಕಾಶೆಗೆ ಅಳತೆಪಟ್ಟಿ ಹಿಡಿದ.

ಗುಮಾಸ್ತ: ನೋಡಿ, ಅರ್ಧ ಅಡಿ. ಅಂಥಾ ದೂರವೇನಿಲ್ಲ.

ಅಕ್ಕ: ನಾನೇನು ಇರುವೆನಾ ಸಾರ್, ಗೋಡೆ ಮೇಲೆ ಹೋಗೋಕೆ?

ಗುಮಾಸ್ತ: ವಾದ ಬೇಡ. ಟಿಕೆಟ್ಟಲ್ಲಿ ಅಚ್ಚಾಗಿರೋದೇ ಲೆಕ್ಕ.

ಮಾಲೀಕರ ಅಳಿಯ ಇದೇ ದಾರಿಯಲ್ಲಿ ಹೋಗಿಬಂದು, ಆಯಾಸವೆಂದು ಇಡೀ ವಾರ ಮನೆಯಲ್ಲಿ ಮಲಗಿದ್ದಾಗ ಈ ಮಹಾಶಯ ಗಡಿಯಾರದತ್ತ ತಲೆಯೆತ್ತಿರಲಿಲ್ಲ. ಅದನ್ನು ಹೇಳಿಬಿಡಲು ಅಕ್ಕ ಬಾಯಿ ತೆರೆದವಳು, ಟಿಕೆಟ್ಟಿನ ಕೆಳಗಿನ ಸಾಲು ಕಣ್ಣಿಗೆ ಬಿದ್ದು ನುಂಗಿಕೊಂಡಳು. ದನಿ ಬೆಣ್ಣೆಯಾಯಿತು.

ಅಕ್ಕ: ನೀವು ಓದಿದವರು, ಹೇಳಿದ್ದೇ ಸರಿ. ಅದನ್ನೇ ಅರ್ಜಿ ಮೇಲೆ ಬರೆದುಬಿಡಿ. ನಮ್ಮ ವಿಭಾಗದವರಿಗೂ ಬುದ್ಧಿ ಬರಲಿ.

ಗುಮಾಸ್ತ ಹಿಗ್ಗಿದ. 'ಪ್ರಯಾಣದ ಕಾಲವನ್ನು ಟಿಕೆಟ್ಟಿನಲ್ಲಿ ಅಚ್ಚಾದ ಗಂಟೆಗಳಂತೆಯೇ ಎಣಿಸತಕ್ಕದ್ದು' ಎಂದು ಬರೆದು, ಸಹಿ ಹಾಕಿ, ಒಂದು ಸಾಲದೆಂದು ಎರಡು ಮೊಹರು ಒತ್ತಿದ.

ಅಕ್ಕ: ಹೋಗೋಕೆ ಮೂರು ಗಂಟೆ, ರಜೆ ಇಲ್ಲ. ಒಪ್ಪಿದೆ. ಈಗ ಬರೋದನ್ನ ಎಣಿಸಿ.

ಗುಮಾಸ್ತನ ಬೆರಳು ಕೆಳಗಿನ ಸಾಲಿಗೆ ಜಾರಿತು. ಸೋಮವಾರ ಬೆಳಗ್ಗೆ ಹತ್ತಕ್ಕೆ ಹೊರಟು, ಮಂಗಳವಾರ ಬೆಳಗ್ಗೆ ಹತ್ತಕ್ಕೆ ಇಳಿಯುವುದು.

ಗುಮಾಸ್ತ: ಇಪ್ಪತ್ನಾಲ್ಕು ಗಂಟೆ?

ಅಕ್ಕ: ಎಂಟೆಂಟರ ಹಾಗೆ ಮೂರು ದಿನ. ನಾನು ಕೇಳಿದ್ದು ಎರಡೇ. ನಿಮ್ಮದು ಕೊಡುಗೈ ಸಾರ್.

ಗುಮಾಸ್ತ ಮೊಹರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಅಳಿಸಲಿಲ್ಲ.

ಗುಮಾಸ್ತ: ಅದೇ ವಿಮಾನ, ಅದೇ ದಾರಿ. ಹೋಗೋವಾಗ ಮೂರು, ಬರೋವಾಗ ಇಪ್ಪತ್ನಾಲ್ಕು ಹೇಗಮ್ಮಾ ಆಗುತ್ತೆ?

ಅಕ್ಕ: ಬಾಣಂತಿ ತಂಗೀನ ಬಿಟ್ಟು ಬರೋದಲ್ವಾ ಸಾರ್, ವಿಮಾನಾನೂ ಕಾಲೆಳ್ಕೊಂಡೇ ಬರುತ್ತೆ.