ಕಪ್ಪು ದ್ರವ್ಯ ಸಿಕ್ತೇನವ್ವಾ?

ಕಣ್ಣಿಗೆ ಕಾಣದ್ದನ್ನು ಹುಡುಕುವುದು ನನ್ನ ಕೆಲಸ. ರಜೆಗೆ ಹುಕ್ಕೇರಿಗೆ ಬಂದಾಗಲೆಲ್ಲ ಅದನ್ನು ಯಾರಿಗಾದರೂ ವಿವರಿಸುವ ಪ್ರಸಂಗ ಬರುತ್ತದೆ. ಕೊನೆಯ ಮಾತು ಮಾತ್ರ ಯಾವಾಗಲೂ ಅವರದೇ.

೧. ಬಸ್ಸಿನಲ್ಲಿ

ಗೋಕಾಕದಿಂದ ಮೂಡಲಗಿಗೆ ಹೊರಟಿದ್ದೆ. ಬಾಜೂ ಸೀಟಿನಲ್ಲಿ ಕುರಿ ಕಾಯುವ ಅಜ್ಜ. ಏನು ಕೆಲಸ ಎಂದು ಕೇಳಿದರು. ಕಪ್ಪು ದ್ರವ್ಯ ಅಂತ ಒಂದಿದೆ, ಅದನ್ನು ನೆಲದಾಳದ ಯಂತ್ರದಲ್ಲಿ ಹಿಡಿಯಲು ನೋಡುತ್ತೇವೆ ಎಂದೆ.

“ಎಷ್ಟ ವರ್ಷ ಆತವ್ವಾ?”

“ಹನ್ನೆರಡ ಆತ್ರಿ ಅಜ್ಜಾರ.”

“ಸಿಕ್ತು?”

“ಇನ್ನೂ ಇಲ್ರಿ.”

ಅರಭಾವಿ ಬಂದಾಗ ಅಜ್ಜ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದರು. ಇಳಿಯುವ ಮುಂಚೆ ನನ್ನ ಕಡೆ ಬಾಗಿ, “ಸಾವಕಾಶ ಹುಡುಕು. ಸಿಕ್ಕರ ನಿನ್ನ ನೌಕರಿ ಹೋಗತೈತಿ,” ಎಂದರು.

೨. ಸಾಲಿಯಲ್ಲಿ

ಅಂದು ಮೂಡಲಗಿಯ ಒಂದು ಸಾಲಿಯ ಮಕ್ಕಳಿಗೆ ನನ್ನ ಉಪನ್ಯಾಸವಿತ್ತು. ಗ್ಯಾಲಕ್ಸಿಯ ಅಂಚಿನ ನಕ್ಷತ್ರಗಳು ತಿರುಗುವ ವೇಗಕ್ಕೆ ಎಂದೋ ಚದುರಿಹೋಗಬೇಕಿತ್ತು, ಕಾಣದ ಏನೋ ಅವನ್ನು ಹಿಡಿದಿಟ್ಟಿದೆ ಎಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಅದು ಈ ಖೋಲ್ಯಾಗೂ ಐತೇನ್ರಿ?”

“ಐತಿ. ಈಗ ನಮ್ಮ ಮೈಯೊಳಗ ಹಾಯ್ದು ಹೋಗಾಕತ್ತೈತಿ.”

ಮಕ್ಕಳೆಲ್ಲ ತಮ್ಮ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡರು. ಹೆಡ್‌ಮಾಸ್ತರರು ಗಂಭೀರವಾಗಿ ಎದ್ದರು. “ಯಾರೂ ಅಂಜಬ್ಯಾಡ್ರಿ. ನಾ ಇಲ್ಲೇ ಅದೇನಿ.”

೩. ಪೇಢೆ

ಮುಂದಿನ ವರ್ಷ ನಮ್ಮ ಯಂತ್ರದಲ್ಲಿ ಮೂರು ಸಲ ಬೆಳಕು ಮಿನುಗಿತು. ನಾವು ಕಾಯುತ್ತಿದ್ದುದು ಅಂಥದೇ ಮಿನುಗಿಗೆ. ಕೂಡಲೇ ಅವ್ವನಿಗೆ ಫೋನ್ ಮಾಡಿ, “ಸಿಕ್ಕಿರಬಹುದು,” ಎಂದೆ. ಆ ‘ಬಹುದು’ ಅವಳ ಕಿವಿಗೆ ಬೀಳಲಿಲ್ಲ. ಓಣಿಗೆಲ್ಲ ಪೇಢೆ ಹಂಚಿದಳು.

ವಾರಗಟ್ಟಲೆ ತಪಾಸಣೆ ನಡೆಯಿತು. ಯಂತ್ರದ ಒಂದು ಸ್ಕ್ರೂನಲ್ಲಿ ವಿಕಿರಣ ಸೂಸುವ ಧಾತುವಿನ ಲವಲೇಶವಿತ್ತು. ಮಿನುಗಿದ್ದು ಅದರಿಂದ. ಹನ್ನೆರಡು ವರ್ಷದ ಮೇಲೆ ಇನ್ನೊಂದು ವರ್ಷವೂ ಬರಿಗೈ. ಜೊತೆಗಿದ್ದ ಹಿರಿಯರೊಬ್ಬರು ಆ ತಿಂಗಳು ನಿವೃತ್ತರಾಗುವವರಿದ್ದರು. ವರದಿ ಓದಿ ಕನ್ನಡಕ ಒರೆಸಿಕೊಂಡರು. ಅದನ್ನು ನೋಡಲಾರದೆ ರಜೆ ಹಾಕಿ ಊರಿಗೆ ಬಂದೆ.

ಮನೆಗೆ ಬಂದವರಿಗೆಲ್ಲ ಅವ್ವ ತಗ್ಗಿದ ದನಿಯಲ್ಲಿ, “ಸಿಗಲಿಲ್ಲಂತ,” ಎನ್ನುತ್ತಿದ್ದಳು. ನಾನು ಹಿತ್ತಲ ಕಟ್ಟೆಯ ಮೇಲೆ ಅಳುತ್ತ ಕೂತಿದ್ದೆ. ಬಾಜೂ ಮನೆಯ ಹಿರಿಯಾಕೆ ಕಾಕು ಬಂದು ಪಕ್ಕದಲ್ಲಿ ಕೂತರು. ಪೇಢೆ ತಿಂದವರಲ್ಲಿ ಅವರೂ ಒಬ್ಬರು. ಬಹಳ ಹೊತ್ತು ನನ್ನ ಬೆನ್ನು ಸವರಿದರು. ಆಮೇಲೆ ಮೆಲ್ಲಗೆ ಅಂದರು:

“ಅಳಬ್ಯಾಡ ನನ್ನವ್ವಾ. ಕಡೀಕ ಎಲ್ಲಿ ಇಟ್ಟಿದ್ದಿ, ಸಮಾಧಾನಲೆ ನೆನಪ ಮಾಡಿಕೋ.”