ಹದಿನಾಲ್ಕನೇ ಶತಮಾನದ ಮೇಲೆ ಕೂರಬೇಡಿ

ನಮ್ಮ ಮಾಷ್ ಕೊಚ್ಚಿಯ ಕಲೂರಿನಲ್ಲಿ ಬಾಡಿಗೆಗಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರಿದ್ದದ್ದು ಹನ್ನೆರಡನೇ ಶತಮಾನದಲ್ಲಿ! ಕಲೂರಿಗೆ ಬರುತ್ತಿದ್ದದ್ದು ದಿನಕ್ಕೊಮ್ಮೆ, ಹಾಲಿಗೆ ಮತ್ತು ನೇಂದ್ರ ಬಾಳೆಹಣ್ಣಿಗೆ. ಎರಡೂ ಸಿಕ್ಕಿದ ಕೂಡಲೇ ವಾಪಸ್ಸು.

ಮಾಷ್ ಎಂದರೆ ಮಲಯಾಳದಲ್ಲಿ ಮೇಷ್ಟ್ರು. ಇವರೋ ಜನ್ಮದಲ್ಲಿ ಒಂದು ದಿನ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಕಾಸರಗೋಡಿನ ಕಡೆಯಿಂದ ಇಪ್ಪತ್ತನೇ ವಯಸ್ಸಿಗೆ ಕೊಚ್ಚಿಗೆ ಬಂದು, ಮಟ್ಟಾಂಚೇರಿಯ ಕಾಳುಮೆಣಸಿನ ಮಂಡಿಯೊಂದರಲ್ಲಿ ಚೀಲಗಳ ತೂಕ ಬರೆದು ನಿವೃತ್ತರಾದ ಒಂಟಿ ಜೀವ. ಆದರೆ ಅವರ ಹತ್ತಿರ ಐದು ನಿಮಿಷ ನಿಂತವರಿಗೆ ಪಾಠ ಆಗಿಯೇ ಆಗುತ್ತಿದ್ದುದರಿಂದ ಇಡೀ ಓಣಿ ಅವರಿಗೆ ಆ ಪದವಿ ದಯಪಾಲಿಸಿತ್ತು. ಪಾಠದ ವಿಷಯ ಒಂದೇ: ಕನ್ನಡ ಸಾಹಿತ್ಯ, ಮೊದಲ ಕಲ್ಲುಬರಹದಿಂದ ಮೊನ್ನೆ ಮೊನ್ನೆಯವರೆಗೆ. ಮೀನು ತಂದವರಿಗೂ ಅದೇ, ಗ್ಯಾಸ್ ಸಿಲಿಂಡರ್ ತಂದವರಿಗೂ ಅದೇ. ಅವರಿಗೆ ಕನ್ನಡ ಬರುವುದಿಲ್ಲವಲ್ಲ ಎನ್ನುತ್ತೀರಾ? ಅದು ಅವರ ತೊಂದರೆ, ಮಾಷ್‌ದಲ್ಲ!

ನಾನು ಸಿಕ್ಕಿಬಿದ್ದದ್ದು 2006ರ ಮಳೆಗಾಲದಲ್ಲಿ. ರಾಣೆಬೆನ್ನೂರಿನವಳು ನಾನು. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ, ಕಲೂರಿನ ಲೇಡೀಸ್ ಹಾಸ್ಟೆಲಿನಲ್ಲಿ ವಾಸ. ಆಫೀಸಿನಲ್ಲಿ ಇಂಗ್ಲಿಷು, ಹಾಸ್ಟೆಲಿನಲ್ಲಿ ಮಲಯಾಳ. ಕನ್ನಡವೆಂಬುದು ದಿನಕ್ಕೆ ಹತ್ತು ನಿಮಿಷ, ಅದೂ ಫೋನಿನಲ್ಲಿ. ಕೆಲವು ಸಲ ಕನ್ನಡಿಯ ಮುಂದೆ ನಿಂತು ನನಗೆ ನಾನೇ "ಊಟ ಆತೇನ್?" ಎಂದು ಕೇಳಿಕೊಂಡದ್ದೂ ಉಂಟು. ಒಂದು ದಿನ ಬಸ್ಸು ಹತ್ತಿ ಅವ್ವನಿಗೆ, "ಅವ್ವಾ, ಬಸ್ಸಿನ್ಯಾಗ ಅದೀನಿ, ಆಮ್ಯಾಲೆ ಮಾತಾಡ್ತೀನಿ" ಎಂದು ಹೇಳಿ ಫೋನಿಟ್ಟೆನೋ ಇಲ್ಲವೋ, ಹಿಂದಿನ ಸೀಟಿನಿಂದ ಒಂದು ಬಿಳಿಗಡ್ಡ ಮುಂದಕ್ಕೆ ಬಾಗಿತು.

"ಬಸ್ಸಿನ್ಯಾಗ! ಎಂಥಾ ಸಪ್ತಮೀ ವಿಭಕ್ತಿ ಮಾರಾಯ್ತಿ!"

ಹುಡುಗಿಯರ ಕಣ್ಣು ಹೊಗಳುವವರನ್ನು ಕಂಡಿದ್ದೇನೆ, ಜಡೆ ಹೊಗಳುವವರನ್ನೂ ಕಂಡಿದ್ದೇನೆ. ವಿಭಕ್ತಿ ಪ್ರತ್ಯಯ ಹೊಗಳಿಸಿಕೊಂಡ ಹೆಣ್ಣು ಕೇರಳ ರಾಜ್ಯದಲ್ಲಿ ನಾನೊಬ್ಬಳೇ ಇರಬೇಕು!

ಪಾಲಾರಿವಟ್ಟಂ ದಾಟುವಷ್ಟರಲ್ಲಿ ಶಾಸನಗಳು ಮುಗಿದವು. ಕಾಕ್ಕನಾಡು ಬಂದಾಗ ಹತ್ತನೇ ಶತಮಾನದ ಚಂಪೂಕಾವ್ಯದಲ್ಲಿ ಘನಘೋರ ಯುದ್ಧ ನಡೆಯುತ್ತಿತ್ತು. ಅಷ್ಟೊಂದು ಆನೆಗಳ ಮಧ್ಯದಿಂದ ಎದ್ದು ಇಳಿದು ಹೋಗುವುದು ಹೇಗೆ? ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ. ಕಿಟಕಿಯಿಂದ ತಲೆ ಹೊರಹಾಕಿ ಅವರು ಮನೆಯ ಗುರುತು ಹೇಳಿ ಕೂಗಿದರು: "ಭಾನುವಾರ ಬಾ! ಹನ್ನೊಂದನೇ ಶತಮಾನ ಉಂಟು!" ಮನೆಯಲ್ಲಿ ಹೋಳಿಗೆ ಉಂಟು ಎಂದು ಕರೆದ ಹಾಗೆ.

ನಾನು ಹೋದೆ. ಯಾಕೆ ಹೋದೆ ಎಂದರೆ, ಕೊಚ್ಚಿಯಲ್ಲಿ ಭಾನುವಾರ ಮಧ್ಯಾಹ್ನ ಹಾಸ್ಟೆಲಿನ ಮಂಚದ ಮೇಲೆ ಮಲಗಿ ಫ್ಯಾನು ನೋಡಿದವರಿಗೆ ಮಾತ್ರ ಅರ್ಥವಾಗುತ್ತದೆ.

ಮಾಳಿಗೆಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಒಳಗೆ ಕಾಲಿಟ್ಟು ಒಂದು ಸ್ಟೂಲಿನ ಮೇಲೆ ಕೂರಲು ಹೋದೆ. "ಅಯ್ಯೋ, ಹದಿನಾಲ್ಕನೇ ಶತಮಾನದ ಮೇಲೆ ಕೂರಬೇಡ!" ಎಂದು ಕಿರುಚಿದರು. ನೋಡಿದರೆ ಒಂದು ದಪ್ಪ ನೋಟ್‌ಪುಸ್ತಕ. ಒಂದೊಂದು ಶತಮಾನಕ್ಕೆ ಒಂದೊಂದು! ಇಪ್ಪತ್ತೈದು ವರ್ಷಗಳಿಂದ ಬರೆದದ್ದು. ಚಂಪೂಕಾವ್ಯಗಳು ರಾಜಾಶ್ರಯದವು, ಆದ್ದರಿಂದ ಬೀರುವಿನಲ್ಲಿ. ವಚನಗಳು ದುಡಿಯುವ ಜನರವು, ಆದ್ದರಿಂದ ಅಡುಗೆಮನೆಯಲ್ಲಿ, ಅಕ್ಕಿಡಬ್ಬಿಯ ಪಕ್ಕ. ದಾಸರ ಕೀರ್ತನೆಗಳು ಬಾಗಿಲ ಮೊಳೆಗೆ ತೂಗುಹಾಕಿದ ಜೋಳಿಗೆಯಲ್ಲಿ.

"ಎಲ್ಲೆ ಕೂಡ್ಲಿ ಮತ್ತ, ಸರ?" ಎಂದೆ.

"ನೆಲದ ಮೇಲೆ ಕೂತುಕೋ. ಅಲ್ಲಿ ಯಾರೂ ಇಲ್ಲ."

ಕೆಳಗಿನ ಮನೆಯ ಒಡತಿ, ನಾವೆಲ್ಲ ಚೇಚಿ ಎನ್ನುವ ಅಕ್ಕ, ಚಹಾ ತಂದವರು ನನ್ನನ್ನು ಬಾಗಿಲ ಬಳಿ ಕರೆದು ಪಿಸುಗುಟ್ಟಿದರು: ಮಾಷ್ ಬರೆಯುತ್ತಿರುವುದು ಯಾವುದೋ ಆಸ್ತಿ ಕೇಸಿನ ಕಾಗದವಂತೆ, ಹೌದೇ? ನನಗೆ ತಿಳಿದಷ್ಟು ಮಲಯಾಳದಲ್ಲಿ, ಹೌದು, ಸಾವಿರದೈನೂರು ವರ್ಷದ ಆಸ್ತಿ, ಕೇಸು ಇನ್ನೂ ಮುಗಿದಿಲ್ಲ ಎಂದೆ. ಚೇಚಿ ಕನಿಕರದಿಂದ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.

ನಿವೃತ್ತಿಯಾದ ಮೇಲೂ ಊರಿಗೆ ಹೋಗದೆ ಇಲ್ಲೇ ಯಾಕೆ ಉಳಿದಿರಿ ಎಂದು ಒಮ್ಮೆ ಕೇಳಿದೆ. ಅದಕ್ಕೂ ಅವರಲ್ಲಿ ಸಾಹಿತ್ಯಿಕ ಕಾರಣವಿತ್ತು!

"ನಾವು ಹಾಲು ಎನ್ನುತ್ತೇವೆ. ಇಲ್ಲಿಯವರು ಎಂತ ಹೇಳ್ತಾರೆ? ಪಾಲು. ನಾವು ಹುಲಿ, ಇವರು ಪುಲಿ. ನಾವು ಹೂವು, ಇವರು ಪೂವು. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪೂ ಅಂತಲೇ ಹೇಳುತ್ತಿದ್ದದ್ದು. ನಡುವಿನಲ್ಲಿ ಎಲ್ಲೋ ನಮ್ಮ 'ಪ' ಬಿದ್ದುಹೋಯಿತು. ಇವರು ಜೋಪಾನ ಮಾಡಿದ್ದಾರೆ. ಇಲ್ಲಿ ಬೀದಿಗೆ ಇಳಿದರೆ ನನಗೆ ಹತ್ತನೇ ಶತಮಾನದಲ್ಲಿ ನಡೆದ ಹಾಗೆ ಆಗ್ತದೆ. ಊರಲ್ಲಿ ಅದೆಲ್ಲಿ ಸಿಗ್ತದೆ?"

ಈ 'ಪ'ಕಾರದ ವ್ಯಾಮೋಹದಿಂದ ಫೋರ್ಟ್ ಕೊಚ್ಚಿಯಲ್ಲಿ ಒಂದು ಫಜೀತಿಯಾಯಿತು. ಪಾಪ, ಸದಾ ಕೋಣೆಯಲ್ಲಿರುತ್ತಾರೆ, ಸಮುದ್ರ ತೋರಿಸೋಣ ಎಂದು ನಾನೇ ಕರೆದುಕೊಂಡು ಹೋಗಿದ್ದೆ. ಸಮುದ್ರದ ಕಡೆ ಅವರು ತಿರುಗಿಯೂ ನೋಡಲಿಲ್ಲ. ಗಾಡಿಯಲ್ಲಿ ಹಣ್ಣು ಮಾರುತ್ತಿದ್ದ ಹೆಂಗಸಿನ ಬಾಯಿಂದ "ಪಳಂ" ಎಂಬ ಮಾತು ಬಿತ್ತು ನೋಡಿ, ನಿಂತರು. "ಇನ್ನೊಮ್ಮೆ ಹೇಳಿ" ಎಂದರು. ಆಕೆ ಹೇಳಿದಳು. ಕಣ್ಣುಮುಚ್ಚಿ "ಇನ್ನೊಮ್ಮೆ" ಎಂದರು. ನಾಲ್ಕನೇ ಸಲಕ್ಕೆ ಆಕೆ ನನ್ನ ಕಡೆ ತಿರುಗಿ, ಇವರಿಗೆ ಕಿವಿ ಕೇಳಿಸುವುದಿಲ್ಲವೇ ಎಂದು ಸನ್ನೆಯಲ್ಲಿ ಕೇಳಿದಳು. ಆಮೇಲೆ ಕಿವಿಯ ಹತ್ತಿರ ಬಂದು ಗಂಟಲು ಬಿರಿಯುವಂತೆ "ಪಳಂ!" ಎಂದು ಕೂಗಿದಳು. ದಡದಲ್ಲಿದ್ದ ವಿದೇಶಿಯರೆಲ್ಲ ಬೆಚ್ಚಿ ತಿರುಗಿ ನೋಡಿದರು. ಮಾಷ್ ಮಾತ್ರ ಸಂಜೆಯವರೆಗೂ ಪರಮಾನಂದದಲ್ಲಿದ್ದರು.

ಮುಂದಿನ ನವೆಂಬರಿನಲ್ಲಿ ಕೊಚ್ಚಿಯ ಕನ್ನಡಿಗರು ಕೆಲವರು ಸೇರಿ ರಾಜ್ಯೋತ್ಸವ ಮಾಡಿದರು. ಕನ್ನಡ ಸಾಹಿತ್ಯ ಬೆಳೆದ ಬಗೆ ಕುರಿತು ಮಾತಾಡಲು ಮಾಷ್‌ಗೆ ಹತ್ತು ನಿಮಿಷ. ಸಾವಿರದೈನೂರು ವರ್ಷಕ್ಕೆ ಹತ್ತು ನಿಮಿಷ! ಅವರು ಇಸ್ತ್ರಿ ಮಾಡಿದ ಪಂಚೆಯುಟ್ಟು ವೇದಿಕೆ ಹತ್ತಿದರು. ಹತ್ತು ನಿಮಿಷ ಕಳೆದಾಗ ಇನ್ನೂ ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದರು. ಅರ್ಧ ಗಂಟೆಗೆ ಮೊದಲ ಚೀಟಿ ಹೋಯಿತು. ಓದಿ, ನಮಸ್ಕಾರ ಮಾಡಿ, ಜೇಬಿಗೆ ಹಾಕಿಕೊಂಡರು. ಮುಕ್ಕಾಲು ಗಂಟೆಗೆ ಬಿಸಿಬೇಳೆಭಾತಿನ ವಾಸನೆ ಬಂತು. ಸಭೆ ಒಂದೊಂದೇ ಸಾಲಾಗಿ ವಾಸನೆಯ ಕಡೆಗೆ ಕರಗಿತು. ಕೊನೆಗೆ ಮುಂದಿನ ಸಾಲಿನಲ್ಲಿ ನಾನು, ಮೈಕಿನವರು, ಮತ್ತು ಯಾರದೋ ಪುಟ್ಟ ಮಗಳು. ಆ ಮಗು ಕುರ್ಚಿಯ ಮೇಲೆ ನಿಂತು ಗಟ್ಟಿಯಾಗಿ ಮಲಯಾಳದಲ್ಲಿ ಕೇಳಿತು: "ತೀರ್ನ್ನೋ?"

ಮುಗಿಯಿತಾ ಅಂತ ಅರ್ಥ! ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಮಾಷ್ ಮುಖ ಅರಳಿತು. "ನೋಡಿ! 'ತೀರು'! ಸಾಲ ತೀರಿತು, ಆಸೆ ತೀರಿತು ಎನ್ನುತ್ತೇವಲ್ಲ, ಅದೇ ಧಾತು! ಮಗು ಶುದ್ಧ ದ್ರಾವಿಡ ಮಾತಾಡಿತು!" ಎಂದು ಮೈಕಿನವರಿಗೆ ವಿವರಿಸಿದರು. ಮೈಕಿನವರು ಆಲಪ್ಪುಳದವರು, ಒಂದಕ್ಷರ ಅರ್ಥವಾಗದೆ ಚಪ್ಪಾಳೆ ತಟ್ಟಿದರು. ಅವತ್ತಿನ ಚಪ್ಪಾಳೆ ಅದೊಂದೇ.

ವಾಪಸ್ಸು ಬಸ್ಸಿನಲ್ಲಿ ಬಂದೆವು. ಕಲೂರಿನಲ್ಲಿ ಇಳಿದ ಮೇಲೆ ಮಾಷ್ "ಹನ್ನೆರಡನೇ ಶತಮಾನದವರೆಗಾದರೂ ಬಂದಿದ್ದರೆ ಒಳ್ಳೇದಿತ್ತು" ಎಂದರು, ಅಷ್ಟೇ. ಅವರು ಇಸ್ತ್ರಿ ಪಂಚೆ ಎತ್ತಿ ಕಟ್ಟಿಕೊಂಡು ಓಣಿಯ ನೀರು ದಾಟಿ ಹೋಗುವುದನ್ನು ನೋಡುತ್ತ ನಿಂತೆ.

ಓಣಂ ಬಂದರೆ ಹಾಸ್ಟೆಲು ಖಾಲಿ. ಎಲ್ಲರೂ ಊರಿಗೆ. ರಾಣೆಬೆನ್ನೂರಿಗೆ ಟಿಕೆಟ್ಟು ಸಿಗದ ನಾನು, ಇಪ್ಪತ್ತೆಂಟು ಮಂಚಗಳು ಮತ್ತು ಒಬ್ಬಳು ವಾರ್ಡನ್. ಮಾಷ್ ಫೋನು ಬಂತು: "ಬಾ, ದಾಸರು ಕಾಯ್ತಾ ಇದ್ದಾರೆ." ಹೋದರೆ ಚೇಚಿ ಕೊಟ್ಟ ಪಾಯಸವನ್ನು ಎರಡು ಲೋಟಕ್ಕೆ ಹಾಕಿ ಮುಚ್ಚಿಟ್ಟಿದ್ದರು. ಒಂದು ಕೀರ್ತನೆಯ ಅರ್ಥ ಹೇಳಿದರು, ಒಂದನ್ನು ಶ್ರುತಿಯಿಲ್ಲದೆ ಹಾಡಿದರು. ಓಣಿಯ ಎಲ್ಲ ಮನೆಗಳಿಂದ ನೆಂಟರ ನಗು ಕೇಳುತ್ತಿತ್ತು. ನಾವಿಬ್ಬರೂ ಅದನ್ನು ಕೇಳಿಸಿಕೊಳ್ಳದವರಂತೆ ಹದಿನಾರನೇ ಶತಮಾನದಲ್ಲಿ ಕೂತಿದ್ದೆವು.

ಹೀಗೆ ಎರಡು ವರ್ಷ ಕಳೆಯಿತು. ಆಗ ಕಂಪನಿ ನನ್ನನ್ನು ತಿರುವನಂತಪುರದ ಆಫೀಸಿಗೆ ವರ್ಗ ಮಾಡಿತು. ಹೇಳಲೆಂದು ಹೋದೆ. ಮಾಷ್ ಅಡುಗೆಮನೆಯಲ್ಲಿದ್ದರು. ಸುಮ್ಮನೆ ಕೈಗೆ ಸಿಕ್ಕ ಹದಿನೈದನೇ ಶತಮಾನವನ್ನು ತೆರೆದೆ. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: 'ಬ್ಯಾಂಕಿನ ದಂಪತಿ, ಇಲ್ಲಿಯವರೆಗೆ. ಪುಣೆಗೆ ಹೋದರು.' ಹಿಂದಿನ ಪುಸ್ತಕ ತೆರೆದೆ. 'ನರ್ಸ್ ಹುಡುಗಿ, ಇಲ್ಲಿಯವರೆಗೆ. ಮದುವೆ.' ಅದಕ್ಕೂ ಹಿಂದಿನದರಲ್ಲಿ, 'ಶೆಟ್ಟರ ತಮ್ಮ, ಇಲ್ಲಿಯವರೆಗೆ. ದುಬೈ.' ನಾವಿಬ್ಬರೂ ಮುಗಿಸಿದ್ದ ಹದಿನಾರನೆಯದು ಮತ್ತು ಅದರ ನಂತರದ ಪುಸ್ತಕಗಳ ಅಂಚು ಬೋಳು. ನನಗಿಂತ ಮೊದಲು ಯಾರೂ ಅಷ್ಟು ದೂರ ಬಂದಿರಲೇ ಇಲ್ಲ.

ಮಾಷ್ ಬಾಗಿಲಲ್ಲಿ ನಿಂತಿದ್ದರು. ಕದ್ದು ಸಿಕ್ಕಿಬಿದ್ದವರಂತೆ ನಕ್ಕರು. "ಕೇಳುವವರು ಬದಲಾದರೆ ಮೊದಲಿಂದ ಓದಬೇಕಲ್ಲ? ನಡುವಿನಲ್ಲಿ ಹತ್ತಿಸಿಕೊಳ್ಳಲಿಕ್ಕೆ ಇದೇನು ಬಸ್ಸಾ?"

"ನನಗ ತಿರುವನಂತಪುರಕ್ಕ ವರ್ಗ ಆಗೇದ್ರಿ ಸರ" ಎಂದೆ.

"ಹೌದಾ," ಎಂದು ಪೆನ್ಸಿಲ್ ಹುಡುಕತೊಡಗಿದರು. ಜೇಬಿನಲ್ಲಿ, ಮೇಜಿನ ಮೇಲೆ, ದಿಂಬಿನ ಕೆಳಗೆ. ಪೆನ್ಸಿಲ್ ಅವರ ಕಿವಿಯ ಮೇಲೇ ಇತ್ತು. ನನಗೆ ತಡೆಯಲಾಗಲಿಲ್ಲ.

"ಬರೀಬ್ಯಾಡ್ರಿ! ಸಾಮಾನು ಭಾಳ ಅದಾವು, ನೀವೂ ಬರ್ರಿ ನನ್ನ ಜೋಡಿ. ಟ್ರೇನಿನ್ಯಾಗ ನಾಕೂವರಿ ತಾಸು ಸಿಗ್ತದ. ಉಳಿದದ್ದೆಲ್ಲಾ ಓದಿ ಮುಗಸ್ರಿ."

ನನ್ನ ಸಾಮಾನು ಎರಡು ಸೂಟ್‌ಕೇಸು. ಮಾಷ್ ತಂದದ್ದು ನಾಲ್ಕು ಶತಮಾನ. ಎರ್ನಾಕುಳಂ ಬಿಡುತ್ತಲೇ ಸಾಂಗತ್ಯ ಶುರುವಾಯಿತು. ಕೋಟ್ಟಯಂ ದಾಟಿದ ಮೇಲೆ ಯಕ್ಷಗಾನ ಪ್ರಸಂಗಗಳು ಬಂದವು. ಸೀಟಿನ ಮೇಲೆ ತಾಳ ಹಾಕಿ ಎರಡು ಪದ ಹೇಳಿಯೇಬಿಟ್ಟರು. ಎದುರಿನ ಅಮ್ಮೂಮ್ಮ, ಎಂದರೆ ಅಜ್ಜಿ, ಇದು ರಾಮಾಯಣ ಪಾರಾಯಣವೆಂದು ತಿಳಿದು ಕೈಮುಗಿದು ಕೂತರು. ನಡುನಡುವೆ ಉಪ್ಪೇರಿ ಎಂಬ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಮುಂದೆ ಹಿಡಿಯುತ್ತಿದ್ದರು. ಮಂಗಳೂರಿನಲ್ಲಿ ಅಚ್ಚುಯಂತ್ರ ಓಡತೊಡಗಿದಾಗ ಕೊಲ್ಲಂ ಬಂತು. ಇಳಿಯುವಾಗ ಅಜ್ಜಿ, ಪಟ್ಟಾಭಿಷೇಕ ಆಯಿತೇ ಎಂದು ಕೇಳಿದರು. ಮಾಷ್ ಮಲಯಾಳದಲ್ಲಿ ಗಂಭೀರವಾಗಿ, ಇಲ್ಲ ಅಮ್ಮಾ, ಈಗಷ್ಟೇ ಗದ್ಯ ಹುಟ್ಟಿದೆ ಎಂದರು!

ಆಮೇಲೆ ಕಾದಂಬರಿ, ನವೋದಯ, ನವ್ಯ, ಬಂಡಾಯ. ದನಿ ಒಡೆದಿತ್ತು, ನೀರು ಕುಡಿದು ಓದಿದರು. ತಿರುವನಂತಪುರದ ತಂಪಾನೂರು ಸ್ಟೇಷನ್ನಿಗೆ ಗಾಡಿ ಬಂದು ನಿಂತಾಗ ಕೊನೆಯ ಪುಟ. ಜನರೆಲ್ಲ ಇಳಿದರೂ ನಾವು ಇಳಿಯಲಿಲ್ಲ. ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿದರು. "ಇಷ್ಟೇ" ಎಂದರು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಚಹಾ ಕುಡಿದೆವು. ಅವರು ವಾಪಸ್ಸು ಹೋಗಬೇಕಾದ ಗಾಡಿಗೆ ಇನ್ನೂ ಸಮಯವಿತ್ತು. ಏನಾದರೂ ಹೇಳುತ್ತಾರೆಂದು ಕಾದೆ. ಮಾಷ್ ಸುಮ್ಮನೆ ಕೂತದ್ದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಮೊಣಕಾಲ ಮೇಲಿಟ್ಟುಕೊಂಡು ಹಳಿ ನೋಡುತ್ತಿದ್ದರು. ಓದಿ ಮುಗಿಸಿರಿ ಎಂದು ಹೇಳಿ ತಪ್ಪು ಮಾಡಿದೆನೇನೋ ಎಂದು ನನಗೆ ಹೆದರಿಕೆಯಾಯಿತು.

ಬಹಳ ಹೊತ್ತಾದ ಮೇಲೆ ಅವರು ನನ್ನ ಕಡೆಗೆ ತಿರುಗಿದರು. ಏನೋ ಹೊಸ ಭಾಷೆ ಮಾತಾಡುವವರ ಹಾಗೆ, ತಡವರಿಸಿ ಕೇಳಿದರು:

"ಅಲ್ಲ ಮಗಾ... ನಿನ್ನ ಮನೆಯಲ್ಲಿ ಯಾರೆಲ್ಲ ಇದ್ದಾರೆ?"

ಎರಡು ವರ್ಷದಲ್ಲಿ ಮೊದಲ ಸಲ ಅವರು ನನ್ನ ಬಗ್ಗೆ ಒಂದು ಪ್ರಶ್ನೆ ಕೇಳಿದ್ದರು. ಅವರೇನು, ಕೊಚ್ಚಿಯಲ್ಲಿ ಆ ಪ್ರಶ್ನೆಯನ್ನು ನನ್ನ ಭಾಷೆಯಲ್ಲಿ ಯಾರೂ ಕೇಳಿರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು "ಅವ್ವ ಅದಾಳ್ರಿ ಸರ... ಅಪ್ಪ ಇಲ್ಲ. ನಾ ಕಾಲೇಜಿನ್ಯಾಗ ಇದ್ದಾಗ..." ಎಂದು ಶುರು ಮಾಡಿದೆ.

ಅವರು ಮಧ್ಯೆ ಬಾಯಿ ಹಾಕಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎರ್ನಾಕುಳಂ ಕಡೆಗೆ ಹೋಗುವ ಗಾಡಿ ಪಕ್ಕದ ಪ್ಲಾಟ್‌ಫಾರ್ಮಿನಿಂದ ನಿಧಾನವಾಗಿ ಹೊರಟಿತು. ನಾನು ಗಾಬರಿಯಿಂದ ಎದ್ದು ಕೈ ತೋರಿಸಿದೆ.

"ಹೋಗ್ಲಿ, ಸಂಜೆಗೆ ಇನ್ನೊಂದುಂಟು" ಎಂದರು ಮಾಷ್, ನನ್ನ ತೋಳು ಹಿಡಿದು ಮತ್ತೆ ಕೂರಿಸುತ್ತ. "ನೀನು ಹೇಳು. ಅವ್ವನ ಹೆಸರೆಂತ?"